ಮುಂದಿದ್ದ ಬಿಂದಿಗೆ

ಒಲೆಯ ಬೂದಿಯನ್ನು ಮೊರಕ್ಕೆ ಎಳೆದುಕೊಳ್ಳುತ್ತಿದ್ದ ನಜ್ಮುನ್ನೀಸಾಳ ಕೈ, ಬೀದಿಯಿಂದ ಬಂದ ರಂಗಕ್ಕನ ಕೂಗಿಗೆ ಹಾಗೇ ನಿಂತಿತು.

"ಅಧ್ಯಕ್ಷರೇ, ಒಸಿ ಈಚಿಕ್ ಬನ್ನಿ."

ರಂಗಕ್ಕ ಎಂದೂ ಹೊರಗೆ ನಿಂತು ಕರೆದವಳಲ್ಲ. ಕೆಳಗಿನ ಕೇರಿಯಿಂದ ಬಂದರೆ ನೇರ ಅಡಿಗೆಮನೆಯ ತನಕ ನಡೆದು, 'ಏನ್ ಬೂಬಮ್ಮಾ, ಟೀ ಐತಾ?' ಎಂದು ಗೋಡೆಗೆ ಒರಗಿ ಕೂರುವವಳು. ನಜ್ಮುನ್ನೀಸಾ ಕೈ ಒದರಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದಳು. ಏಳು ತಿಂಗಳ ಬಸುರಿ. ಏಳುವುದಕ್ಕೂ ಗೋಡೆ ಹಿಡಿಯಬೇಕಿತ್ತು. ಹಿಂದೆಯೇ ಮಗಳು ಮುನೀರಾ ಬಂದಳು.

"ಒಳಗ್ ಬಾರೇ ರಂಗೀ. ಇದೇನು ಹೊಸ ಮರ್ಯಾದೆ?"

"ಕೊಡ್ಬೇಕಲ್ಲ, ದೊಡ್ಡೋರಾಗ್ಬುಟ್ಟಿದ್ದೀರಿ." ರಂಗಕ್ಕ ಬೀದಿಯ ಕಡೆಗೇ ಮುಖ ಮಾಡಿ ನಿಂತಿದ್ದಳು. "ನಿಮ್ ಬಿಂದ್ಗೆ ಎಲ್ಲೈತೆ ಒಸಿ ನೋಡ್ಕಳಿ."

"ಬಚ್ಚಲಲ್ಲಿದೆ. ಮಗೂಗೆ ರೊಟ್ಟಿ ಕೊಟ್ಟು ನಾನೇ ತರ್ತಿದ್ದೆ, ನಿಮ್ಮ ಕೇರಿಗೆ..."

"ಬಚ್ಚಲಾಗಾ? ಓಗ್ ನೋಡೋಗಿ."

ಬಚ್ಚಲ ಕಲ್ಲಿನ ಮೇಲೆ ಬಿಂದಿಗೆ ಇಡುವ ಜಾಗ ಖಾಲಿಯಾಗಿತ್ತು. ಮುನೀರಾ ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡು ತನ್ನ ಕಾಲಬೆರಳನ್ನು ನೋಡುತ್ತ ನಿಂತಳು.

ಎರಡು ವರ್ಷದ ಕೆಳಗೆ, ಐವತ್ತೊಂಬತ್ತರ ಬೇಸಿಗೆಯಲ್ಲಿ, ಸಿರಾದ ಆ ಎರಡು ಕೇರಿಗಳಿಗೂ ವಾಂತಿಭೇದಿ ಬಂದಿತ್ತು. ನಜ್ಮುನ್ನೀಸಾ ತನ್ನ ಅಂಗಳದಲ್ಲಿ ಹಂಡೆಯಿಟ್ಟು ನೀರು ಕಾಯಿಸಿ ಮನೆಮನೆಗೆ ಕಳಿಸಿದಳು. ಅವಳಿದ್ದ ಮೇಲಿನ ಕೇರಿಯಲ್ಲಿ ಪಾತ್ರೆ, ಬಳೆ, ಅತ್ತರು ಮಾರುವವರು; ಕೆಳಗಿನ ಕೇರಿಯಲ್ಲಿ ಹಳ್ಳಿ ಬಿಟ್ಟು ಬಂದು ಕಂಬಳಿ ನೇಯುವವರು. ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಕುಡಿದು ಬದುಕಿದ ಮೇಲೆ ದೂರ ನಿಲ್ಲುವುದಾದರೂ ಹೇಗೆ? ಮೇಷ್ಟರ ಹೆಂಡತಿ ಕಮಲಾಕ್ಷಮ್ಮ ಅದಕ್ಕೆ 'ನೆರೆಕೇರಿ ಮಹಿಳಾ ಸಂಘ' ಎಂದು ಹೆಸರಿಟ್ಟು, ಕನ್ನಡ ಓದಲು ಬಾರದ ನಜ್ಮುನ್ನೀಸಾಳನ್ನೇ ಅಧ್ಯಕ್ಷೆಯಾಗಿ ಕೂರಿಸಿದ್ದಳು. ಸಂಬಳವಿಲ್ಲದ ಕೆಲಸ. ಬಾಣಂತಿಯ ಮನೆಗೆ ಗಂಜಿ ಕಾಯಿಸಬೇಕು, ಕಾಯಿಲೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ಮಾತು ಬಿಟ್ಟವರನ್ನು ಒಂದೇ ಚಾಪೆಯ ಮೇಲೆ ಕೂರಿಸಬೇಕು.

ಬಾವಿಯ ಹತ್ತಿರ ಬಿಂದಿಗೆ ಸಾಲಿನಲ್ಲಿದ್ದರೆ ಅದರ ಒಡತಿಯೇ ನಿಂತ ಹಾಗೆ. ಸಂಘದಲ್ಲೂ ಅದೇ ನಡೆದುಬಂದಿತ್ತು. ಗೋಷಾದವರು, ಕೂಲಿಗೆ ಹೋಗುವವರು, ಹಸುಗೂಸಿನ ತಾಯಂದಿರು ಎಲ್ಲರೂ ಒಂದೇ ಹೊತ್ತಿಗೆ ಬರಲಾಗದು. ಬಿಂದಿಗೆ ಬಂದರೆ ಸಾಕು, ಅವರ ಒಪ್ಪಿಗೆ ಬಂದಂತೆಯೇ. ಇನ್ನೊಬ್ಬರ ಬಿಂದಿಗೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದು ಒಡತಿಯನ್ನೇ ರಟ್ಟೆ ಹಿಡಿದು ಎಳೆದಂತೆ.

ಈಗ ಪುರಸಭೆಯಿಂದ ಎರಡು ಕೇರಿಗೂ ಸೇರಿ ಒಂದೇ ನಲ್ಲಿ ಮಂಜೂರಾಗಿತ್ತು. ಮೇಲಿನವರಿಗೆ ಮಸೀದಿ ಪಕ್ಕದ ಬಾವಿಯಿತ್ತು; ಕೆಳಗಿನವರು ನೀರಿಗೆ ಕೋಟೆಯಾಚೆ ನಡೆಯಬೇಕು. ಹೋದ ಚಳಿಗಾಲದಲ್ಲಿ ರಂಗಕ್ಕನ ಸೊಸೆ ತುಂಬಿದ ಬಿಂದಿಗೆಯ ಸಮೇತ ಆ ದಾರಿಯಲ್ಲಿ ಬಿದ್ದು, ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡಿದ್ದಳು. ಸಂಘದಲ್ಲಿ ಎಲ್ಲರೂ ಕೆಳಗಿನ ಕೇರಿಗೇ ನಲ್ಲಿ ಆಗಲಿ ಎಂದಿದ್ದರು. ಜಾಗ ನೋಡಲು ಬಂದ ಓವರ್ಸಿಯರ್, "ಬಿಂದಿಗೆ ಎಲ್ಲಿ ಹೆಚ್ಚಿರ್ತವೋ ಅಲ್ಲೇ ಗೂಟ ಹೊಡೀತೀನಿ, ಸೋಮವಾರ ಬರ್ತೀನಿ," ಎಂದು ನಕ್ಕು ಹೋಗಿದ್ದರು. ಆ ಸಂಜೆ ನಜ್ಮುನ್ನೀಸಾ ರಂಗಕ್ಕನ ಸೊಸೆಯ ಕೈ ಹಿಡಿದುಕೊಂಡು, "ನೋಡ್ತಿರು, ನನ್ನ ಬಿಂದಿಗೆ ಎಲ್ಲರಿಗಿಂತ ಮುಂದಿರುತ್ತೆ," ಎಂದು ಮಾತು ಕೊಟ್ಟಿದ್ದಳು.

ಇವತ್ತು ಸೋಮವಾರ.

ಸೆರಗು ಹಿಡಿದ ಮುನೀರಾಳ ಜೊತೆ ಅವಳು ರಂಗಕ್ಕನ ಹಿಂದೆ ಹೊರಟಳು. ಬೀದಿಯ ತಿರುವಿನಲ್ಲಿ, ಅವಳ ಗಂಡ ಇನಾಯತುಲ್ಲಾನ ಕಲಾಯಿ ಅಂಗಡಿಯ ಮುಂದೆ, ಮೇಲಿನ ಕೇರಿಯ ಬಿಂದಿಗೆಗಳೆಲ್ಲ ಸಾಲಾಗಿ ಕೂತಿದ್ದವು. ಎಲ್ಲಕ್ಕಿಂತ ಮುಂದೆ ಇದ್ದುದು ತವರಿನಿಂದ ತಂದ ಅವಳ ತಾಮ್ರದ ಬಿಂದಿಗೆ. ಅದರ ಕಂಠದ ತಗ್ಗು ಇಡೀ ಬೀದಿಗೆ ಗೊತ್ತು.

"ಬನ್ನಿ ಆಪಾ," ಬಳೆ ಅಂಗಡಿಯ ಅಖ್ತರ್ ಬೇಗಂ ಕಿಸಕ್ಕನೆ ನಕ್ಕಳು. "ಅಷ್ಟೊಂದು ಭಾಷಣ ಮಾಡಿ ಕೊನೆಗೆ ಬುದ್ಧಿ ಬಂತಾ? ಖುದಾ ಕಸಮ್, ನಾನು ಕೆಳಗೆ ಹೋಗೋಕೇ ಬಿಂದಿಗೆ ಎತ್ಕೊಂಡಿದ್ದೆ. ನಿಮ್ಮದು ಇಲ್ಲಿ ಕಾಣಿಸ್ತು. ಅಧ್ಯಕ್ಷರೇ ಇಲ್ಲಿ ಕೂತ್ಮೇಲೆ ನಾವ್ಯಾಕೆ ಇಳಿಜಾರು ಇಳೀಬೇಕು, ಅಲ್ವಾ?"

ಪಕ್ಕದಲ್ಲೇ ನಿಂತಿದ್ದ ಕಮಲಾಕ್ಷಮ್ಮ ನಗಲಿಲ್ಲ. "ನಾನೂ ನಿಮ್ಮದನ್ನ ನೋಡಿಯೇ ಇಟ್ಟೆ ನಜ್ಮಾ. ಮನಸ್ಸು ಬದಲಾಯಿಸಿದ್ದರೆ ನನಗೊಂದು ಮಾತು ಹೇಳಬಾರದಿತ್ತೆ? ರಂಗಕ್ಕನ ಮುಖ ಹೇಗೆ ನೋಡಲಿ ನಾನು?"

'ನಾನಿಟ್ಟಿಲ್ಲ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳ ಕಣ್ಣು ಅಂಗಡಿಯ ಒಳಗೆ ಹೋಯಿತು. ಇನಾಯತುಲ್ಲಾ ತಲೆಯೆತ್ತದೆ ತಿದಿ ಒತ್ತುತ್ತಿದ್ದ. ಕೆಂಡದ ಮೇಲೆ ಪಾತ್ರೆಯೇ ಇರಲಿಲ್ಲ.

ಅವಳು ಹತ್ತಿರ ಹೋಗಿ ಬಗ್ಗಿದಳು. "ನೀವಾ?"

"ಮೆಲ್ಲಗೆ ಮಾತಾಡು. ಎಲ್ಲಾ ನಿನಗೋಸ್ಕರಾನೇ. ಈ ಹೊಟ್ಟೆ ಹೊತ್ಕೊಂಡು ಬಾವಿ ಸೇದ್ತೀಯಾ? ನಲ್ಲಿ ಮನೆ ಹತ್ರ ಇದ್ರೆ ನಿನಗೂ ಸುಖ, ಅಂಗಡಿಗೂ ನೀರಾಯ್ತು." ತಿದಿ ನಿಲ್ಲಿಸಲಿಲ್ಲ. "ಹೋಟೆಲಿನಲ್ಲಿ ಎಲ್ಲಾ ಏನಂತಾರೆ ಗೊತ್ತಾ? 'ಇನಾಯತ್, ನಿನ್ ಬೀಬಿ ಊರಿಗೆಲ್ಲಾ ನೀರು ಹಂಚಿ ನಿನಗೆ ಬೆಂಕಿ ಮಾತ್ರ ಬಿಟ್ಟಿದ್ದಾಳೆ' ಅಂತಾರೆ."

"ನಾನು ಮಾತು ಕೊಟ್ಟಿದ್ದೆ."

"ಕೊಟ್ಟೋಳು ನೀನು. ಬಿಂದಿಗೆ ಮನೇದು."

ಸಭೆಯ ದಿನ ಚಾಪೆ ಹಾಸಿಕೊಡುತ್ತಿದ್ದವನು ಇವನೇ. ಹೆಂಗಸರು ಕುಡಿದಿಟ್ಟ ಟೀ ಲೋಟಗಳನ್ನು, ಅವಳು ಬೇಡವೆಂದರೂ, ತಾನೇ ತೊಳೆದಿಟ್ಟು ನಗುತ್ತಿದ್ದವನು. ಇವತ್ತು ಬೆಳಗಿನ ನಮಾಜಿಗೆ ಏಳುವಾಗ ಅವಳ ಹೊದಿಕೆಯನ್ನು ಭುಜದ ತನಕ ಎಳೆದು ಸರಿಮಾಡಿದ್ದ. ನಿದ್ದೆಯಲ್ಲೇ ಅವಳಿಗೆ ಅದು ಹಿತವಾಗಿತ್ತು. ಅವನು ಬಚ್ಚಲಿಗೆ ಹೋದದ್ದು ಅದಾದ ಮೇಲೆ. ನಿದ್ದೆ ಕೆಡದಿರಲಿ ಎಂದು ಹೊದಿಸಿದ್ದನೋ, ಎಚ್ಚರವಾಗದಿರಲಿ ಎಂದೋ? ಹೊಟ್ಟೆಯೊಳಗಿನ ಕೂಸು ಒಮ್ಮೆ ಮಗ್ಗುಲಾಯಿತು. ಅವಳು ಅಂಗಡಿಯ ಕಂಬ ಹಿಡಿದು ನಿಂತಳು.

ಓವರ್ಸಿಯರ್ ಸೈಕಲ್ಲಿನಿಂದ ಇಳಿದರು. ಹಿಂದೆ ಗೂಟವನ್ನೂ ಕೊಡತಿಯನ್ನೂ ಹೊತ್ತ ಆಳು.

"ಹಾ, ಇಲ್ಲೇ ಹೆಚ್ಚಿದಾವಲ್ಲ! ಅಧ್ಯಕ್ಷರು ಯಾರಮ್ಮ? ಇದೇ ಜಾಗ ತಾನೆ? ಆಮೇಲೆ ನನ್ನ ಹತ್ರ ತಕರಾರು ತರಬೇಡಿ."

ಇನಾಯತುಲ್ಲಾ ಕೈ ಒರೆಸಿಕೊಂಡು ಹೊರಗೆ ಬಂದ. "ಇದೇ ಸಾರ್. ನಮ್ಮ ಮನೆಯವರದ್ದೇ ಮುಂದಿದೆಯಲ್ಲ."

"ನೀವು ಸುಮ್ನಿರಿ ಸಾಬ್ರೇ, ಅವರು ಹೇಳ್ಲಿ."

"ಅವ್ರನ್ನ ಕೇಳೋದೇನೈತೆ ಸಾಮಿ?" ರಂಗಕ್ಕ ಹಿಂದಿನಿಂದ ಹೇಳಿದಳು. "ಮುಂದಿರ್ತೀನಿ ಅಂತ ನನ್ ಸೊಸೆ ಕೈ ಇಡ್ದು ಏಳಿದ್ರು. ಮುಂದೇನೇ ಅವ್ರೆ. ಒಡ್ದಾಕಿ ಗೂಟ."

ಎಲ್ಲರ ಕಣ್ಣೂ ನಜ್ಮುನ್ನೀಸಾಳ ಮೇಲಿತ್ತು. ನಿಜ ಹೇಳಿದರೆ, ಹೆಂಡತಿ ಮಲಗಿದ್ದಾಗ ಅವಳ ಬಿಂದಿಗೆ ಕದ್ದು ತಂದವನು ಎಂದು ಈ ಗಂಡಸು ಇಡೀ ಪೇಟೆಯ ಬಾಯಿಗೆ ಬೀಳುತ್ತಾನೆ. ಮತ್ತೆ ಈ ಅಂಗಡಿಯಲ್ಲಿ ತಲೆಯೆತ್ತಿ ಕೂರಲಾರ. ಹೇಳದಿದ್ದರೆ ಕೆಳಗಿನ ಕೇರಿಯ ಹುಡುಗಿಯರು ಇನ್ನೆಷ್ಟು ಕಾಲವೋ ಕೋಟೆಯಾಚೆ ನಡೆಯುತ್ತಾರೆ, ರಂಗಿ ಇನ್ನೆಂದೂ ಅಡಿಗೆಮನೆಯ ತನಕ ಬರುವುದಿಲ್ಲ. ಅವಳು ಬಾಯಿ ತೆರೆದಳು. ಗಂಡನ ಮುಖ ಕಂಡಿತು.

"ಮೌನ ಅಂದ್ರೆ ಒಪ್ಪಿಗೆ ಅಂತ ಬರ್ಕೋತೀನಮ್ಮ," ಎಂದರು ಓವರ್ಸಿಯರ್.

ಆಳು ಗೂಟವನ್ನು ನೆಲಕ್ಕೆ ಊರಿ ಕೊಡತಿ ಎತ್ತಿದ. ಮುನೀರಾ ತಾಯಿಯ ಸೆರಗನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಇನಾಯತುಲ್ಲಾ ಅವಳನ್ನೇ ನೋಡುತ್ತ, ಬೇಡವೆಂಬಂತೆ ಸಣ್ಣಗೆ ತಲೆಯಾಡಿಸಿದ. ಹುಡುಗಿ ಅಪ್ಪನನ್ನು ನೋಡಿದಳು, ಕಂಬ ಹಿಡಿದು ನಿಂತ ಅಮ್ಮನನ್ನು ತಿರುಗಿ ನೋಡಿದಳು.

"ಅಬ್ಬಾ, ನೀವು ಬಿಂದಿಗೆ ಎತ್ಕೊಂಡು ಹೋಗುವಾಗ ಅಮ್ಮಿ ಮಲಗಿದ್ರಲ್ಲ, ಎಬ್ಬಿಸಿ ಯಾಕೆ ಕೇಳ್ಲಿಲ್ಲ?"