ದೇವರ ಪೆಟ್ಟಿಗೆಯ ಇಂಗ್ಲಿಷ್ ಕಾಗದ

ಓದೋಕೆ ಬರದಿದ್ದರೂ ಆ ಕಾಗದದಿಂದ ಕ್ಯಾತಣ್ಣನಿಗಿದ್ದ ಸೊಕ್ಕು ಅಷ್ಟಿಷ್ಟಲ್ಲ. ದೇವರಿಗೆ ಬಿಟ್ಟ ದನ ಕಾಯೋ ಕಿಲಾರಿ ಅವನು; ಅಪ್ಪ, ತಾತ ಕೂಡ ಅದನ್ನೇ ಮಾಡಿದವರು. ಚಳ್ಳಕೆರೆ ಸೀಮೆಯ ವರವು ಕಾವಲಿನ ಪಕ್ಕದ ಹುಲ್ಲುಗಾವಲು ತಮ್ಮದೇ ಅಂತ ಬ್ರಿಟಿಷ್ ದೊರೆ ಬರೆದುಕೊಟ್ಟಿದ್ದಾನೆ ಅಂತ ಅವರ ನಂಬಿಕೆ. ದೀಪಾವಳಿಗೊಮ್ಮೆ ಕಾಗದ ಹೊರಗೆ ತೆಗೆದು, ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು ಮತ್ತೆ ದೇವರ ಪೆಟ್ಟಿಗೆಗೆ ಸೇರಿಸೋರು. ಓದಿಸೋಣ ಅಂತ ಒಬ್ಬನಿಗೂ ಹೊಳೆದಿರಲಿಲ್ಲ. ಪೂಜೆ ಮಾಡೋದನ್ನ ಯಾರಾದರೂ ಓದಿಸ್ತಾರಾ?

ಅದೇ ಬಲದ ಮೇಲೆ ಕ್ಯಾತಣ್ಣ ಕುರಿ ಸಾಕೋ ಹನುಮಣ್ಣನನ್ನ ಇಪ್ಪತ್ತು ವರ್ಷ ಹುಲ್ಲಿನ ಹತ್ತಿರ ಸುಳಿಯೋಕೆ ಬಿಟ್ಟಿರಲಿಲ್ಲ. ಹೋದ ಬೇಸಿಗೆಯಲ್ಲಿ ಒಳಗೆ ನುಗ್ಗಿದ ಮರಿಗೆ ಕಲ್ಲು ಬೀಸಿ ಕಾಲು ಮುರಿದ. ತಪ್ಪಾಯ್ತು ಅಂತ ಬಾಯಿಮಾತಿಗೂ ಅನ್ನಲಿಲ್ಲ, ದುರಹಂಕಾರಿ.

"ಆ ಜಾಗ ನಮ್ಮ ತಾತಂದು ಕಣಲೇ, ಅರ್ಜಿ ಹಾಕ್ತೀನಿ" ಅಂದ ಹನುಮಣ್ಣ.

"ಹಾಕಲೇ! ಅದಕ್ಕೂ ಮೊದ್ಲು ಚಳ್ಳಕೆರೆಗೆ ಬಾ. ಕಮಲಾಕ್ಷಮ್ಮ ಮೇಡಂ ಹತ್ರ ಓದಿಸಿ ನಿನಗೆ ಮಂಗಳಾರತಿ ಎತ್ತಿಸ್ತೀನಿ."

ಕಮಲಾಕ್ಷಮ್ಮ ರಿಟೈರಾದ ಇಂಗ್ಲಿಷ್ ಟೀಚರ್. ಇಬ್ಬರೂ ಮನೆಗೆ ತಂದುಕೊಟ್ಟ ಕಾಗದ ಓದುತ್ತಾ ಒಂದು ಪದಕ್ಕೆ ನಿಂತರು.

"ಅಜಿಸ್ಟ್‌ಮೆಂಟ್... ಈಗ ಯಾರೂ ಆಡದ ಮಾತು ಕಣಪ್ಪ" ಅಂತ ದಪ್ಪ ಡಿಕ್ಷನರಿ ತೆಗೆದರು.

"ಮಾಲೀಕ ಅಂತಲೇ ಇರ್ತೈತೆ, ನೋಡ್ರಿ" ಅಂದ ಕ್ಯಾತಣ್ಣ.

"ಅಲ್ಲ. ಹಳೇ ಫ್ರೆಂಚಿನಿಂದ ಬಂದದ್ದು. ಮೂಲದಲ್ಲಿ ಮಲಗೋ ಜಾಗ, ತಂಗೋ ಜಾಗ ಅಂತ. ಇಂಗ್ಲೆಂಡಿನ ರಾಜರ ಕಾಡಿಗೆ ಬೇರೆಯವರ ದನ ಬಿಟ್ಟುಕೊಳ್ಳೋದಕ್ಕೆ ಈ ಮಾತು ಬಳಸ್ತಿದ್ರು. ಆಮೇಲೆ ಯಾರೇ ತಮ್ಮ ಹುಲ್ಲಿಗೆ ಪರರ ದನ ಸೇರಿಸಿಕೊಂಡರೂ ಅದೇ ಹೆಸರು."

"ಯಾರ ಹುಲ್ಲಿಗೆ?" ಹನುಮಣ್ಣ ಮುಂದೆ ಬಾಗಿದ.

ಮೇಡಂ ಕಾಗದದ ಮೇಲೆ ಗಟ್ಟಿಯಾಗಿದ್ದ ಕುಂಕುಮ ಮೆಲ್ಲಗೆ ಕೆರೆದು ಹೆಸರು ಓದಿದರು. ಹುಲ್ಲು ಹನುಮಣ್ಣನ ತಾತ ಬೊಮ್ಮಲಿಂಗಪ್ಪನದು. ಕ್ಯಾತಣ್ಣನ ತಾತ ಕೇಳಿಕೊಂಡಿದ್ದಕ್ಕೆ, ದೇವರ ದನ ಅಂತ, ಮೇಯೋಕೆ ಬಿಟ್ಟುಕೊಂಡಿದ್ದ.

ಕ್ಯಾತಣ್ಣನಿಗೆ ಮೊದಲು ದನಗಳೇ ನೆನಪಾದವು. ಅಯ್ಯೋ, ಎಪ್ಪತ್ತು ದನ ಎಲ್ಲಿಗೆ ಹೊಡಕೊಂಡು ಹೋಗೋದು? ನಾಚಿಕೆ, ಸಿಟ್ಟು ಎರಡೂ ಒಟ್ಟಿಗೆ ಏರಿದವು. ಕಾಗದ ಕಿತ್ಕೊಂಡು ಹರಿದುಬಿಡೋಣ ಅನ್ನಿಸಿತು. ದೇವರ ಪೆಟ್ಟಿಗೇದು, ಕೈ ಬರಲಿಲ್ಲ.

"ದನ ಹೊರಗೆ ಹಾಕಬ್ಯಾಡಪ್ಪ ಹನುಮಣ್ಣ. ನಿನ್ನ ಕಾಲಿಗೆ ಬೀಳ್ತೀನಿ" ಅಂದ.

"ನಮ್ಮ ತಾತ ಸೇರಿಸಿಕೊಂಡ ದನ ನಾನು ಓಡಿಸ್ತೀನೇನಲೇ? ದೇವರವು. ಹೊಟ್ಟೆತುಂಬ ಮೇಯ್ಲಿ." ಹನುಮಣ್ಣ ಎದ್ದು ನಿಂತ. "ಬೇರೆ ಕಿಲಾರಿನ ನೋಡ್ಕಳ್ರಿ ಅಂತ ನಿಮ್ಮ ಹಟ್ಟಿಯೋರಿಗೆ ಈವತ್ತೇ ಹೇಳ್ತೀನಿ. ನೀನು ಮಾತ್ರ ನನ್ನ ಹುಲ್ಲಿನ ಮ್ಯಾಲೆ ಕಾಲಿಡಬ್ಯಾಡ."