ಪಿಯಾನೊ ಬಾಯಿ ಆಡಿದ ಮಾತು

"ಕತ್ತು ಎಡಕ್ಕ ವಾಲಾಕತ್ತೈತಿ, ಸ್ವಲ್ಪ ಹಿಡೀರಿ," ಎಂದು ಜಂಗಮ ಗುರುಸಿದ್ದಯ್ಯ ಹೇಳಿದರು. ಶರೀಫಸಾಬ ಮುಂದೆ ಬಂದು ನೀಲಕಂಠಪ್ಪನ ತಲೆಯನ್ನು ಎರಡೂ ಕೈಯಿಂದ ಹಿಡಿದು ನೆಟ್ಟಗೆ ಮಾಡಿದ. ಅಯ್ಯನವರು ಹಣೆಯ ಸುತ್ತ ಬಿಳಿ ಬಟ್ಟೆ ಸುತ್ತಿ ಬೆನ್ನ ಹಿಂದಿನ ಹಲಗೆಗೆ ಬಿಗಿದರು. ಎದೆಗೂ ತೋಳಿಗೂ ವಿಭೂತಿ ಬಳಿದರು. ಗೋಪನಕೊಪ್ಪದ ಆ ಚಿಕ್ಕ ಮನೆಯ ಪಡಸಾಲೆಯಲ್ಲಿ ನೀಲಕಂಠಪ್ಪ ಈಗ, ಯಾರೋ ತಂದ ತಂಬೂರಿಯನ್ನು ಪರೀಕ್ಷಿಸಲು ಕುಳಿತವನಂತೆ ಕುಳಿತ. ಬದುಕಿದ್ದಾಗ ಅವನು ಹಾಗೆ ಕೂರುವುದನ್ನು ಬಿಟ್ಟು ಆರು ವರ್ಷವಾಗಿತ್ತು.

ಎದುರಿಗೆ ಭಜನೆಯವರು ಕುಳಿತಿದ್ದರು. ಅವರ ಹಾರ್ಮೋನಿಯಂನ ಒಂದು ಸ್ವರ ಒಡೆದು ಹೋಗಿತ್ತು. ಹುಬ್ಬಳ್ಳಿಯಲ್ಲಿ ಅದನ್ನು ಸರಿಮಾಡಬಲ್ಲ ಒಬ್ಬನೇ ಮನುಷ್ಯನ ಮುಂದೆ ಇಟ್ಟುಕೊಂಡು ಅದನ್ನು ಬಾರಿಸುತ್ತಿದ್ದರು, ಒಬ್ಬರಿಗೂ ಮುಜುಗರ ಇದ್ದಂತಿರಲಿಲ್ಲ.

"ಬಿಸಲ ಏರಾಕತ್ತೈತಿ ಶಿವಬಸವ್ವ. ವಿಮಾನ ಕಟ್ಟಿ ಮುಗೀತು. ಇನ್ನ ಎತ್ತೂಣು," ಎಂದರು ಅಯ್ಯನವರು. ಹೊರಗೆ ಹೆಣ ಹೊರುವ ಬಿದಿರಿನ ವಿಮಾನಕ್ಕೆ ಬಾಳೆಕಂಬ, ಚೆಂಡು ಹೂವು ಕಟ್ಟಿಯಾಗಿತ್ತು.

"ಸ್ವಲ್ಪ ನಿಲ್ರಿ ಅಯ್ಯಾರ," ಎಂದಳು ಶಿವಬಸವ್ವ. ಗಂಡನ ಕಾಲ ಬಳಿ ಕುಳಿತಿದ್ದ ಅವಳು ಬೆಳಗಿನಿಂದ ಅತ್ತಿರಲಿಲ್ಲ. ಬಂದ ಹೆಂಗಸರಿಗೆ ಅದೊಂದು ಬೇಸರ. ಅವಳು ಶರೀಫಸಾಬನನ್ನು ಸನ್ನೆ ಮಾಡಿ ಕರೆದಳು. ದುರ್ಗದ ಬೈಲಿನಲ್ಲಿ ನೀಲಕಂಠಪ್ಪನ ವಾದ್ಯ ದುರಸ್ತಿಯ ಅಂಗಡಿಗೆ ಅಂಟಿಕೊಂಡು ಕುಳಿತು ತಬಲಾಗಳಿಗೆ ಚರ್ಮ ಹೊದಿಸುತ್ತ ಮೂವತ್ತು ವರ್ಷ ಕಳೆದವನು ಅವನು.

"ಏಕನಾಥ ಅವರಿಗೆ ಸುದ್ದಿ ಮುಟ್ಟೇತೇನ್ರಿ ಅಣ್ಣಾರ?"

"ಮುಂಜಾನೇನ ಧಾರವಾಡಕ್ಕ ಮಂದಿ ಕಳಿಸೇನವ್ವ. ಬರ್ತೇನಿ ಅಂದಾರಂತ."

"ಬರೂತನಾ ಎತ್ತಬ್ಯಾಡ್ರಿ. ಆ ಬಾಯಿ ಏನಂದ್ಲು ಅನ್ನೂದು ಗೊತ್ತಾಗದ ಇವರನ್ನ ಮಣ್ಣಾಗ ಇಡಾಕ ನನಗ ಮನಸಿಲ್ಲ."

ಶರೀಫಸಾಬ ತಲೆ ತಗ್ಗಿಸಿದ. ಯಾವ ಬಾಯಿ ಎಂದು ಅವನು ಕೇಳಬೇಕಾಗಿರಲಿಲ್ಲ.

*

೧೯೬೧ರ ನವೆಂಬರದಲ್ಲಿ ಏಕನಾಥ ಅಂಗಡಿಗೆ ಬಂದಿದ್ದ. ಅವನು ಆಗ ಹುಬ್ಬಳ್ಳಿಯ ಸಂಗೀತ ಮಂಡಳಿಯ ಕಾರ್ಯದರ್ಶಿ. ಇಂಗ್ಲಿಷ್ ಬಲ್ಲವನು, ಅದನ್ನು ಯಾರೂ ಮರೆಯದಂತೆ ನೋಡಿಕೊಳ್ಳುವವನು.

"ಮುಂಬೈಯಿಂದ ನಲವತ್ತು ಮಂದಿ ವಾದ್ಯದವರು ಬರ್ತಾರ, ನೀಲಕಂಠಪ್ಪ. ಮಹಾಯುದ್ಧದಾಗ ತಮ್ಮ ದೇಶ ಬಿಟ್ಟು ಬಂದು ನಮ್ಮಲ್ಲೇ ನೆಲಿ ನಿಂತವರು ಇದ್ದಾರಲ್ಲ, ಅವರು ಕಟ್ಟಿದ ಸಂಗೀತಾನ ಬಾರಸ್ತಾರ. ಅವರ ಗೌರವಕ್ಕ ಈ ಕಛೇರಿ. ಪಿಯಾನೊ ಬಾರಸಾಕ ಅವರೊಳಗಿನ ವಿಯೆನ್ನಾದಾಕಿ ಒಬ್ಬಾಕಿ ಬರಾಕತ್ತಾಳ. ನಮ್ಮ ಸಭಾಗೃಹದಾಗಿನ ಹಳೇ ಪಿಯಾನೊ ನೀವು ಶ್ರುತಿ ಮಾಡಿಕೊಡಬೇಕು."

"ನಾ ಹಾರ್ಮೋನಿಯಂ ಪೇಟಿ, ತಂಬೂರಿಯಾಂವ್ರಿ. ಆ ಪೆಟ್ಟಿಗಿ ಒಮ್ಮೆನೂ ಮುಟ್ಟಿಲ್ಲ. ಯಾವುದಕ್ಕ ಹೊಂದಸ್ಲಿ ಅದನ್ನ?"

"ಯಾವುದಕ್ಕಂದ್ರ? ತಂಬೂರಿಗೆ ಹೊಂದಸ್ರಿ. ಸ್ವರ ಎಲ್ಲಾ ಕಡೆ ಒಂದ."

ಬ್ರಿಟಿಷ್ ಸಾಹೇಬರು ದೇಶ ಬಿಟ್ಟು ಹೋದ ಮೇಲೆ ಆ ಪಿಯಾನೊದ ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ. ಒಳಗೆ ಇಲಿಗಳು ಸಂಸಾರ ಹೂಡಿದ್ದವು. ನೀಲಕಂಠಪ್ಪ ಅದನ್ನೆಲ್ಲ ಬಳಿದು ಹಾಕಿ, ತಂತಿಗಳನ್ನು ಒರೆಸಿ, ಕಮ್ಮಾರನಿಂದ ತಂತಿ ಬಿಗಿಯುವ ಒಂದು ಕೀಲಿ ಮಾಡಿಸಿಕೊಂಡು ಕೆಲಸಕ್ಕೆ ಕುಳಿತ. ಒಬ್ಬರು ಒಂದೇ ಸಮನೆ ತಂಬೂರಿ ಮೀಟುತ್ತಿರಬೇಕಿತ್ತು. ಅದಕ್ಕೆ ಹೆಂಡತಿಯನ್ನು ಕರೆದುಕೊಂಡು ಹೋದ. ಒಂಬತ್ತು ದಿನ ಆ ಖಾಲಿ ಸಭಾಗೃಹದಲ್ಲಿ ಶಿವಬಸವ್ವ ತಂಬೂರಿ ಹಿಡಿದು ಕುಳಿತಳು. ಮದುವೆಯಾದ ಮೇಲೆ ಗಂಡನ ಎದುರು ಅಷ್ಟು ಹೊತ್ತು ಮಾತಿಲ್ಲದೆ ಕುಳಿತದ್ದು ಅದೇ ಮೊದಲು. ಅವಳಿಗೆ ಅದು ಹಿಡಿಸಿತು.

ಒಂಬತ್ತನೆಯ ದಿನ ಅವನು ಪಿಯಾನೊದ ಒಂದು ಬಿಳಿ ಮನೆಯನ್ನು, ಆ ಸ್ವರದ ಪಟ್ಟಿಯನ್ನು, ಒತ್ತಿ ಹಿಡಿದು ಕಣ್ಣು ಮುಚ್ಚಿದ.

"ಕೇಳಿಲ್ಲಿ. ತಂಬೂರಿಯೊಳಗ ತಾನಾಗೇ ಹುಟ್ಟೂ ಗಾಂಧಾರ, ಇದರಾಗೂ ಬಂತು."

ಅವಳು ಕೇಳಿದಳು. ಖರೇನೇ ಬಂದಿತ್ತು. ಎರಡು ಸ್ವರಗಳ ನಡುವೆ ಒಂದು ಕೂದಲು ಹಾಯುವಷ್ಟೂ ಸಂದು ಇರಲಿಲ್ಲ. ಆ ದಿನ ಅವಳ ಗಂಡ ಮನೆಯವರೆಗೂ ಗುನುಗುತ್ತ ನಡೆದ.

*

ಏಕನಾಥ ಬಂದಾಗ ಹನ್ನೆರಡು ದಾಟಿತ್ತು. ಹೂಮಾಲೆಯನ್ನು ನೀಲಕಂಠಪ್ಪನ ಕೊರಳಿಗೆ ಹಾಕಿ, ಕೈಮುಗಿದು, ಹೊರಟು ನಿಲ್ಲುವಷ್ಟರಲ್ಲಿ ಶಿವಬಸವ್ವ ಎದ್ದು ಬಾಗಿಲಿಗೆ ಅಡ್ಡ ಬಂದಳು.

"ಭಾಳ ಛಲೋ ಮನಷ್ಯಾ ಇದ್ರವ್ವ. ದೊಡ್ಡ ನಷ್ಟ," ಎಂದ ಏಕನಾಥ.

"ನಷ್ಟದ ಮಾತು ಇರ್ಲಿರಿ. ಆವತ್ತ ಆ ಬಾಯಿ ಇವರಿಗೆ ಏನಂದ್ಲು?"

"ಅದೆಲ್ಲಾ ಈಗ್ಯಾಕವ್ವ? ಆರು ವರ್ಷದ ಹಿಂದಿನ ಮಾತು."

"ಇವರಿಗೆ ನಿನ್ನೀ ಮಾತಾಗಿತ್ತರಿ. ಹೋದ ವಾರ ಜ್ವರದಾಗೂ ಅದನ್ನ ಕೇಳಿದ್ರು. ಅಷ್ಟ ಹೊತ್ತು ಮಾತಾಡಿದ್ಲು, ಅದರಾಗ ಮತ್ತೇನಿತ್ತು ಅಂತ."

ಏಕನಾಥ ಭಜನೆಯವರ ಕಡೆ ನೋಡಿದ, ಅಯ್ಯನವರ ಕಡೆ ನೋಡಿದ. ಅವನನ್ನು ಬಿಡಿಸಿಕೊಳ್ಳಲು ಯಾರೂ ಬರಲಿಲ್ಲ.

*

ಕಛೇರಿಯ ಸಂಜೆ ಸಭಾಗೃಹ ತುಂಬಿತ್ತು. ಮೊದಲ ರಚನೆ ಪಿಟೀಲುಗಳದ್ದು, ಅದು ಸುಸೂತ್ರವಾಗಿ ಮುಗಿಯಿತು. ಆಮೇಲೆ ಬೂದುಬಣ್ಣದ ಉಡುಪಿನ, ನರೆತ ಕೂದಲಿನ ಬಾಯಿ ಬಂದು ಪಿಯಾನೊ ಮುಂದೆ ಕುಳಿತಳು. ರೈಲು ತಡವಾಗಿ ನೇರ ವೇದಿಕೆಗೇ ಬಂದವಳು, ವಾದ್ಯವನ್ನು ಮುಟ್ಟಿ ನೋಡಲೂ ಅವಳಿಗೆ ಹೊತ್ತಿರಲಿಲ್ಲ. ಮೊದಲ ನಾಲ್ಕು ಸಾಲು ಎಷ್ಟು ಇಂಪಾಗಿತ್ತೆಂದರೆ ಅವಳೇ ಬೆರಗಿನಿಂದ ಒಮ್ಮೆ ತನ್ನ ಕೈಗಳನ್ನು ನೋಡಿಕೊಂಡಳು. ಐದನೆಯ ಸಾಲಿಗೆ ಸಂಗೀತ ತನ್ನ ಷಡ್ಜ ಬಿಟ್ಟು ಬೇರೆ ಮನೆಗೆ ಹೋಯಿತು. ಪಿಯಾನೊ ಊಳಿಟ್ಟಿತು.

ತಂಬೂರಿಯ ಷಡ್ಜ ಒಂದೇ. ಕೂತವನು ಏಳುವವರೆಗೂ ಅದು ಕದಲುವುದಿಲ್ಲ. ಆ ಜನರ ಸಂಗೀತಕ್ಕೆ ಹಾಗಲ್ಲ, ಹನ್ನೆರಡು ಮನೆಯಲ್ಲಿ ಯಾವುದರಿಂದ ಬೇಕಾದರೂ ಹೊರಡಬೇಕು. ಅದಕ್ಕೆ ಪಿಯಾನೊದ ಪ್ರತಿಯೊಂದು ಸ್ವರವನ್ನೂ ಬೇಕೆಂದೇ ಕೂದಲೆಳೆಯಷ್ಟು ತಪ್ಪಾಗಿ ಇಡುತ್ತಾರೆ. ತಪ್ಪನ್ನು ಸಮನಾಗಿ ಹಂಚಬೇಕೆಂದು ನೀಲಕಂಠಪ್ಪನಿಗೆ ಹೇಳಿದವರಿರಲಿಲ್ಲ. ಹೇಳಬೇಕಾದವನಿಗೂ ಅದು ಗೊತ್ತಿರಲಿಲ್ಲ.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಹಬ್ಬಿತು. ಬಾಯಿ ಕೈ ಎತ್ತಿದಳು. ಉಳಿದ ರಚನೆಗಳನ್ನು ಪಿಯಾನೊ ಇಲ್ಲದೆಯೇ ಬಾರಿಸಿದರು, ಅವಳು ಪಕ್ಕದ ಕುರ್ಚಿಯಲ್ಲಿ ಕುಳಿತು ಕೇಳಿದಳು. ಕಛೇರಿ ಮುಗಿದ ಮೇಲೆ, ಶ್ರುತಿ ಮಾಡಿದವನು ಯಾರು ಎಂದು ವಿಚಾರಿಸಿದಳು. ಏಕನಾಥ ನೀಲಕಂಠಪ್ಪನ ರಟ್ಟೆ ಹಿಡಿದು ತಂದು ನಿಲ್ಲಿಸಿದ. ಅವಳು ಅವನ ಎರಡೂ ಕೈ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದಳು. ಮಂಡಳಿಯ ಹಿರಿಯರು ಸುತ್ತ ನಿಂತಿದ್ದರು.

"ಏನಂತಾರ್ರಿ?" ಎಂದು ನೀಲಕಂಠಪ್ಪ ಕೇಳಿದ.

"ಕೆಡಿಸಿ ಇಟ್ಟೀರಿ ಅಂತಾರ," ಎಂದ ಏಕನಾಥ.

ಮರುದಿನ ನೀಲಕಂಠಪ್ಪ ಅಂಗಡಿ ತೆಗೆದ. ಹಾರ್ಮೋನಿಯಂಗೆ ತಿದಿ ಹಾಕಿದ, ಮರಕ್ಕೆ ಮೆರುಗು ಕೊಟ್ಟ. ಶ್ರುತಿ ಮಾಡಿಕೊಡಿ ಎಂದು ಬಂದವರಿಗೆ ಮಾತ್ರ, "ನನ್ನ ಕಿವಿ ನಂಬೂ ಹಂಗಿಲ್ರಿ, ಬ್ಯಾರೆ ಕಡೆ ತೋರಸ್ರಿ," ಎಂದ. ಶರೀಫಸಾಬ ಬೈದ, ಶಿವಬಸವ್ವ ಅತ್ತಳು, ಗಾಯಕರು ಧಾರವಾಡದಿಂದ ಬಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಬೇಡಿಕೊಂಡರು. ಅವನು ಒಪ್ಪಲಿಲ್ಲ. ಕೇಳುವುದೊಂದೇ ಬಂದಿದ್ದ ಮನುಷ್ಯನಿಂದ ಅದನ್ನೇ ಕಿತ್ತುಕೊಂಡ ಮೇಲೆ ಉಳಿದ ಆಯುಷ್ಯ ಒಂದು ಆಯುಷ್ಯವೇ?

*

"ಬೈಯಾಕ ಯಾರಾದರೂ ಕೈ ಹಿಡೀತಾರೇನ್ರಿ?" ಎಂದಳು ಶಿವಬಸವ್ವ.

ಏಕನಾಥ ದನಿ ತಗ್ಗಿಸಿ ಹೇಳಿದ.

"ಬೈಲಿಲ್ಲವ್ವ ಆಕಿ. ಇಂಥಾ ಕಿವಿ ನಾ ಯಾವ ದೇಶದಾಗೂ ಕಂಡಿಲ್ಲ ಅಂದ್ಲು. ತಪ್ಪು ಇವರದಲ್ಲ, ಕೆಲಸ ಹೇಳಿದವರದು ಅಂದ್ಲು."

"ಮತ್ತ?"

"ಮುಂಬೈಗೆ ಬರ್ರಿ, ನಮ್ಮ ಪದ್ಧತಿ ನಾ ಕಲಸ್ತೇನಿ ಅಂದ್ಲು. ನನಗೂ ಊರು ಬಿಟ್ಟು ಬಂದಾಗ ಏನೂ ತಿಳೀತಿದ್ದಿಲ್ಲ, ಯಾರೋ ಕಲಿಸಿದ್ರು ಅಂದ್ಲು. ಹಿರಿಯರೆಲ್ಲಾ ಅಲ್ಲೇ ನಿಂತಿದ್ರು. ಕೆಲಸ ಹೇಳಿದಾಂವ ನಾನ ಇದ್ದೆ. ಹ್ಯಾಂಗ ಹೇಳ್ಲಿ?"

"ಅವರೆಲ್ಲಾ ಮನಿಗೆ ಹೋದ ಮ್ಯಾಲೆ ಹೇಳಬಹುದಿತ್ತಲ್ರಿ."

"ನಾಳೆ ಹೇಳ್ತೇನಿ, ನಾಳೆ ಹೇಳ್ತೇನಿ ಅಂತ ಹಂಗ ಉಳೀತು."

ಶಿವಬಸವ್ವನಿಗೆ ಅವನನ್ನು ಹೊಡೆಯಬೇಕೆನಿಸಿತು. ಹೊಡೆದರೆ ಆರು ವರ್ಷದಲ್ಲಿ ಒಂದು ದಿನವೂ ವಾಪಸು ಬರುತ್ತಿರಲಿಲ್ಲ. ಬಾಗಿಲಾಚೆ ನಾಲ್ವರು ವಿಮಾನದ ಬಿದಿರಿಗೆ ಕೈ ಹಚ್ಚಿ ನಿಂತಿದ್ದರು.

"ಆತಲ್ಲವ್ವ, ತಿಳೀತಲ್ಲ. ಇನ್ನ ಎತ್ತೂಣು," ಎಂದರು ಗುರುಸಿದ್ದಯ್ಯ.

"ನನಗ ತಿಳೀತರಿ ಅಯ್ಯಾರ. ಕೇಳಿದವರು ಇವರು." ಅವಳು ಏಕನಾಥನ ಕಡೆ ತಿರುಗಿದಳು. "ಬರ್ರಿ. ಇವರಿಗೆ ಹೇಳ್ರಿ."

ಏಕನಾಥ ಶರೀಫಸಾಬನ ಮುಖ ನೋಡಿದ. ಶರೀಫಸಾಬ ಬೇರೆ ಕಡೆ ನೋಡುತ್ತಿದ್ದ. ಕೊನೆಗೆ ಏಕನಾಥ ನೀಲಕಂಠಪ್ಪನ ಪಕ್ಕಕ್ಕೆ ಬಂದು, ಧೋತರ ಸರಿಮಾಡಿಕೊಂಡು, ಮೊಣಕಾಲೂರಿ ಬಾಗಿದ. ಬಾಗಿದವನು ಹಾಗೇ ತಡೆದ. ನೀಲಕಂಠಪ್ಪನ ಕಿವಿಗಳಲ್ಲಿ ಹತ್ತಿ ತುರುಕಿತ್ತು.

"ನಿಲ್ರಿ," ಎಂದಳು ಶಿವಬಸವ್ವ. ಅವಳು ಗಂಡನ ಬಲಗಿವಿಯ ಹತ್ತಿಯನ್ನು ಎರಡು ಬೆರಳಿನಿಂದ, ಅವನಿಗೆ ನೋಯಬಾರದೆಂಬಂತೆ, ಮೆಲ್ಲಗೆ ಎಳೆದು ತೆಗೆದಳು. ತೆಗೆದು ಅಂಗೈಯಲ್ಲಿ ಹಿಡಿದುಕೊಂಡು, ಏಕನಾಥ ಬಾಯಿ ತೆರೆಯುವುದನ್ನೇ ಕಾಯುತ್ತ ಕುಳಿತಳು.