ಸೂಜಿಯ ತುದಿ

ಟಕ್.

ರಾತ್ರಿ ಹತ್ತು ಗಂಟೆ. ಮೂವತ್ತು ಮೆಷಿನ್‌ಗಳ ಗದ್ದಲದಲ್ಲೂ ಆ ಸದ್ದು ನನಗೆ ಕೇಳಿಸಿತು. ಸುಂಕದಕಟ್ಟೆಯ ಈ ಗಾರ್ಮೆಂಟ್ಸ್‌ನಲ್ಲಿ ನಾಲ್ಕನೇ ಲೈನಿನ ಸೂಪರ್‌ವೈಸರ್ ನಾನು. ಸೂಜಿ ಮುರಿದರೆ ಮೊದಲು ಓಡಬೇಕಾದವಳು ನಾನು.

ನಾವು ಹೊಲಿಯುವುದು ಹಸುಗೂಸುಗಳ ಫ್ರಾಕು. ಮುರಿದ ಸೂಜಿಯ ಎಲ್ಲ ಚೂರುಗಳನ್ನೂ ರಿಜಿಸ್ಟರ್‌ನಲ್ಲಿ ಟೇಪು ಹಾಕಿ ಅಂಟಿಸಿದರೇನೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಇಡೀ ಲೈನ್ ನಿಲ್ಲಿಸಿ ಹುಡುಕಬೇಕು.

ಬೋರಮ್ಮ ಎದ್ದು ಬಂದು ಎರಡು ಚೂರು ಕೊಟ್ಟರು; ಅಂಟಿಸಿಕೊಂಡು ಹೊಸ ಸೂಜಿ ಕೊಟ್ಟೆ. ಲೇಬಲ್ ಹೊಲಿಯುವ ಕೊನೆಯ ಮೆಷಿನ್ ಅವರದು.

"ಬೋರಮ್ಮಜ್ಜೀ, ಸೂಜಿ ಮುರಿಯೋಕೂ ಇನ್ಸೆಂಟಿವ್ ಕೊಡ್ತಾರಾ?" ಪಕ್ಕದಿಂದ ರಂಜಿನಿ ಕೂಗಿದಳು.

"ನಿನ್ ಬಾಯಿಗೆ ಕೊಡ್ತಾರೆ, ಹೊಲಿಯೇ ಸುಮ್ನೆ!"

ಎಲ್ಲರೂ ನಕ್ಕರು. ಎರಡು ತಿಂಗಳಿಂದ ಯುನಿಟ್ ಮುಚ್ಚುವ ಸುದ್ದಿ ಹರಿದಾಡುತ್ತಿದ್ದರೂ ಅವರು ನಗುತ್ತಿದ್ದುದಕ್ಕೆ ಕಾರಣ ನಾನು. ಸೋಮವಾರ ಮೆಷಿನ್‌ಗಳ ನಡುವೆ ನಿಂತು ಹೇಳಿದ್ದೆ: "ಈ ಆರ್ಡರ್ ಪೂರ್ತಿ ಹೋದ್ರೆ ನಮ್ಮ ಲೈನ್ ಉಳಿಯುತ್ತೆ. ಮೋಹನ್ ಕುಮಾರ್ ಸಾರ್ ಮಾತು ಕೊಟ್ಟಿದ್ದಾರೆ."

ಮ್ಯಾನೇಜರ್ ಮೋಹನ್ ಕುಮಾರ್ ಹೇಳಿದ್ದು ಅಷ್ಟಲ್ಲ. "ಒಂದು ಪೀಸೂ ಕಮ್ಮಿಯಿಲ್ದೆ ಹೋದ್ರೆ ಮೇಲಿನವರ ಹತ್ರ ಮಾತಾಡಿ ನೋಡೋಣ" ಎಂದಿದ್ದರು. ಆ "ನೋಡೋಣ"ವನ್ನು ನಾನು ಮಾತು ಕೊಟ್ಟಂತೆ ಮಾಡಿದ್ದೆ. ಅಂದಿನಿಂದ ಇವರು ಟೀಯನ್ನೂ ಮೆಷಿನ್ ಮುಂದೆಯೇ ಕುಡಿಯುತ್ತಿದ್ದರು.

ಹನ್ನೊಂದಕ್ಕೆ ಆರ್ಡರಿನ ಕೊನೆಯ ಡಬ್ಬ ಮುಚ್ಚಿತು. ಹೆಂಗಸರು ವ್ಯಾನ್ ಹತ್ತಲು ಚಪ್ಪಲಿ ಹುಡುಕುತ್ತಿದ್ದಾಗ ನಾನು ರಿಜಿಸ್ಟರ್‌ಗೆ ಸಹಿ ಹಾಕಲು ಕೂತೆ. ಟೇಪಿನಡಿಯ ಸೂಜಿಯ ತುದಿಗೆ ತುಕ್ಕು ಹಿಡಿದಿತ್ತು.

ಈಗ ತಾನೇ ಮುರಿದ ಸೂಜಿಗೆ ತುಕ್ಕು?

ಬೋರಮ್ಮನನ್ನು ಮೂಲೆಗೆ ಕರೆದೆ. "ಇದು ಯಾವುದು, ಬೋರಮ್ಮ?"

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಹಳೇದು ಮೇಡಂ. ದಾರದ ಡಬ್ಬೀಲಿತ್ತು. ಇವತ್ತಿನ್ ತುದಿ ಸಿಗ್ಲಿಲ್ಲ."

"ಹೇಳ್ಬಾರ್ದಿತ್ತಾ?"

"ಲೈನ್ ನಿಂತೋಗ್ತಿತ್ತಲ್ಲವ್ವ. ನೀವೇ ಅಲ್ವಾ ಅಂದಿದ್ದು, ಆರ್ಡರ್ ಪೂರ್ತಿ ಹೋದ್ರೆ ಲೈನ್ ಉಳಿಯುತ್ತೆ ಅಂತ?"

"ಮನೆಗೆ ಹೋಗಿ. ನಾನು ಹುಡುಕ್ತೀನಿ" ಎಂದೆ.

ಸೂಜಿ ಪತ್ತೆ ಮಾಡುವ ಯಂತ್ರವನ್ನು ಕಳೆದ ತಿಂಗಳೇ ರಿಪೇರಿಗೆಂದು ಒಯ್ದಿದ್ದರು, ವಾಪಸ್ ಬಂದಿರಲಿಲ್ಲ. ಉಳಿದದ್ದು ಕೈಯಲ್ಲಿ ಹಿಡಿಯುವ ಅಯಸ್ಕಾಂತ. ಸೂಜಿ ಮುರಿದಾಗ ಬೋರಮ್ಮ ಹೊಲಿಯುತ್ತಿದ್ದ ಬಂಡಲಿನ ಮೂವತ್ತು ಫ್ರಾಕುಗಳನ್ನು ಡಬ್ಬದಿಂದ ಹೊರತೆಗೆದು ಮೇಜಿನ ಮೇಲೆ ಹರಡಿದೆ. ಕತ್ತುಪಟ್ಟಿ, ತೋಳು, ಲೇಸಿನ ಮಡಿಕೆಗಳ ಮೇಲೆಲ್ಲ ಅಯಸ್ಕಾಂತ ಆಡಿಸಿ, ಬೆರಳಿನಿಂದ ಒತ್ತಿ ನೋಡಿದೆ. ಚುಚ್ಚಲಿ, ರಕ್ತ ಬರಲಿ, ಸಿಕ್ಕರೆ ಸಾಕು ಎಂದು ಬೇಡಿಕೊಂಡೆ. ಎರಡನೇ ಸಲ ನೋಡಿದೆ. ನೆಲವನ್ನೂ ಗುಡಿಸಿದೆ. ಸಿಗಲಿಲ್ಲ.

ಡಬ್ಬದೊಳಗೆ ವಾಪಸ್ ಇಟ್ಟರೆ ಯಾರಿಗೂ ತಿಳಿಯುವುದಿಲ್ಲ. ಲೈನ್ ಉಳಿಯಬಹುದು. ಮೊದಲ ಫ್ರಾಕನ್ನು ಇಟ್ಟೂಬಿಟ್ಟೆ. ಅದರ ಕತ್ತು ನನ್ನ ಮುಷ್ಟಿಯಷ್ಟೂ ಅಗಲವಿರಲಿಲ್ಲ. ಮತ್ತೆ ಹೊರಗೆ ತೆಗೆದೆ. ಮೂವತ್ತನ್ನೂ ಕತ್ತರಿಸಿ ಚಿಂದಿಯ ಚೀಲಕ್ಕೆ ತುಂಬಿದೆ.

ಬೆಳಗ್ಗೆ ಲಾರಿ ಬಂದಾಗ ಮೋಹನ್ ಕುಮಾರ್‌ಗೆ ಹೇಳಿದೆ: "ಮೂವತ್ತು ಪೀಸ್ ಕಮ್ಮಿ ಇದೆ ಸಾರ್. ನನ್ನ ಕೈಯಿಂದ ಎಣ್ಣೆ ಚೆಲ್ಲಿ ಕಲೆಯಾಯ್ತು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ನಾನಿನ್ನು ಮೇಲಿನವರ ಹತ್ರ ಏನೂ ಮಾತಾಡಕ್ಕಾಗಲ್ಲಮ್ಮ."

ಗೇಟಿನ ಬಳಿ ನಮ್ಮ ಲೈನಿನವರು ಲಾರಿಗೆ ಚಪ್ಪಾಳೆ ತಟ್ಟುತ್ತಿದ್ದರು. ಬೋರಮ್ಮ ಗುಂಪಿನಿಂದ ಬಿಡಿಸಿಕೊಂಡು ಬಂದು ನನ್ನ ಕೈ ಹಿಡಿದರು.

"ಸಿಕ್ತಾ?"

"ಸಿಕ್ತು" ಎಂದೆ.

"ಅಬ್ಬ! ಹಂಗಾರೆ ಲೈನ್ ಉಳೀತು ಬಿಡಿ" ಎಂದು ಅವರು ರಂಜಿನಿಯತ್ತ ತಿರುಗಿ ನಕ್ಕರು.

ಮುಚ್ಚುವ ನೋಟಿಸು ಬಂದ ದಿನ ಇವರು ಯಾರನ್ನಾದರೂ ಬೈಯಲಿ, ನನ್ನನ್ನೇ ಬೈಯಲಿ. ಆ ತುದಿ ಸಿಗಲೇ ಇಲ್ಲವೆಂಬುದನ್ನು ಯಾರಿಗೂ ಹೇಳುವುದಿಲ್ಲ, ಬೋರಮ್ಮನಿಗೂ ಕೂಡ.